ಹದಿನಾರು ದಾಟಿದ ಮಕ್ಕಳನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಕಾನೂನು ನೆರವಿನ ವಕೀಲನಾಗಿ ನಾನು ನೋಡಿರುವ ಬಾಲ ನ್ಯಾಯ ಪ್ರಕರಣಗಳಲ್ಲಿ, ತಂದೆತಾಯಿಗಳು ಸಾಮಾನ್ಯವಾಗಿ ಎರಡು ನಂಬಿಕೆಗಳಲ್ಲಿ ಒಂದನ್ನು ಹೊತ್ತು ಬರುತ್ತಾರೆ. "ಹುಡುಗ ಸಣ್ಣವನು, ಏನೂ ಆಗುವುದಿಲ್ಲ" ಎಂಬುದು ಒಂದು. "ಕೊಲೆ ಕೇಸು, ಇನ್ನು ಎಲ್ಲ ಮುಗಿಯಿತು" ಎಂಬುದು ಇನ್ನೊಂದು. ಎರಡೂ ತಪ್ಪು. ಇಂಥ ಮಗುವಿನ ಮುಂದಿನ ಇಪ್ಪತ್ತು ವರ್ಷಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೊದಲ ಮೂರು ತಿಂಗಳಲ್ಲಿ ಸಿದ್ಧವಾಗುವ ಕಾಗದಗಳು, ಮತ್ತು ಆ ಮೂರು ತಿಂಗಳಲ್ಲಿಯೇ ಕುಟುಂಬದವರು ದಿಕ್ಕು ತೋಚದೆ ಸುಮ್ಮನಿದ್ದುಬಿಡುತ್ತಾರೆ. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಜನರು ನನ್ನನ್ನು ಮೇಲಿಂದ ಮೇಲೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಸ್ತಾಪಿಸಿರುವ ಘಟನೆಗಳಲ್ಲಿ ಮಕ್ಕಳ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ನಮ್ಮ ಹುಡುಗನಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಲು ಸಾಧ್ಯವೇ?

ಸಾಧ್ಯ, ಆದರೆ ಎಲ್ಲ ಪ್ರಕರಣಗಳಲ್ಲಿ ಅಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ ಬಾಲ ನ್ಯಾಯ (ಮಕ್ಕಳ ಪೋಷಣೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಹದಿನೆಂಟು ವರ್ಷ ತುಂಬದ ಎಲ್ಲರೂ ಮಕ್ಕಳೇ. ಅವರ ಮೇಲಿನ ಆರೋಪವನ್ನು ಬಾಲ ನ್ಯಾಯ ಮಂಡಳಿಯೇ ನೋಡಬೇಕು. ಇದಕ್ಕೆ ಒಂದೇ ಒಂದು ಅಪವಾದವಿದೆ: ಕೃತ್ಯ ನಡೆದ ದಿನ ಮಗುವಿಗೆ ಹದಿನಾರು ವರ್ಷ ತುಂಬಿದ್ದು, ಆರೋಪವು "ಘೋರ ಅಪರಾಧ"ದ ವರ್ಗಕ್ಕೆ ಸೇರಿದ್ದರೆ, ಮಂಡಳಿಯು ಕಲಂ 15ರ ಅಡಿ ಪ್ರಾಥಮಿಕ ಮೌಲ್ಯಮಾಪನ ನಡೆಸಿ, ಅಗತ್ಯ ಕಂಡರೆ ಪ್ರಕರಣವನ್ನು, ವಯಸ್ಕನಂತೆ ವಿಚಾರಿಸುವ ಅಧಿಕಾರವಿರುವ ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದು. ಹದಿನೈದು ವರ್ಷ ಹನ್ನೊಂದು ತಿಂಗಳ ಹುಡುಗನ ಮೇಲೆ ಕೊಲೆಯ ಆರೋಪವಿದ್ದರೂ ಅವನನ್ನು ವರ್ಗಾಯಿಸುವ ಅಧಿಕಾರ ಯಾರಿಗೂ ಇಲ್ಲ. ತಪ್ಪು ಸಾಬೀತಾದರೆ ಅವನನ್ನು ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿ ಇರಿಸಬಹುದು.

ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು. ಪೊಲೀಸರು ಹಿಡಿದ ದಿನದ್ದಾಗಲೀ ಸಾಕ್ಷಿ ನುಡಿಯುವ ದಿನದ್ದಾಗಲೀ ಅಲ್ಲ. ಹದಿನೇಳರಲ್ಲಿ ಮಾಡಿದ್ದೆಂದು ಹೇಳಲಾದ ಕೃತ್ಯಕ್ಕಾಗಿ ಇಪ್ಪತ್ತೆರಡರಲ್ಲಿ ಸಿಕ್ಕಿಬಿದ್ದವನೂ ಈ ಕಾಯ್ದೆಯ ಕಣ್ಣಿಗೆ ಮಗುವೇ.

ಘೋರ ಅಪರಾಧ ಎಂದರೆ ಯಾವುದು? ಪತ್ರಿಕೆಯಲ್ಲಿ "ಘೋರ" ಎಂದು ಬಂದದ್ದೆಲ್ಲವೂ ಇದರಲ್ಲಿ ಸೇರುತ್ತದೆಯೇ?

ಸೇರುವುದಿಲ್ಲ. ಕಾನೂನಿನಲ್ಲಿ ಈ ಪದಕ್ಕೆ ಅಳತೆಯಿದೆ: ಯಾವ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚೋ ಅದು ಮಾತ್ರ ಘೋರ ಅಪರಾಧ. ನೋಡಬೇಕಾದದ್ದು ಗರಿಷ್ಠ ಶಿಕ್ಷೆಯನ್ನಲ್ಲ. ಕೊಲೆ ಇದರಲ್ಲಿ ಬರುತ್ತದೆ. ಅತ್ಯಾಚಾರ ಬರುತ್ತದೆ. ಇಪ್ಪತ್ತು ಕಿಲೋಗಿಂತ ಹೆಚ್ಚು ಗಾಂಜಾ ಸಾಗಣೆಯೂ ಬರುತ್ತದೆ. ಆದರೆ ಕೊಲೆಯ ಯತ್ನಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ಇದ್ದರೂ ಕನಿಷ್ಠ ಮಿತಿಯನ್ನು ಹೇಳಿಲ್ಲವಾದ್ದರಿಂದ ಅದು "ಗಂಭೀರ ಅಪರಾಧ"ವೇ ಹೊರತು ಘೋರವಲ್ಲ. ಇಂಥ ನಡುವಿನ ಅಪರಾಧಗಳು ಯಾವ ವರ್ಗಕ್ಕೆ ಎಂಬ ಗೊಂದಲ ಕೆಲವು ವರ್ಷ ಇತ್ತು. 2020ರ ಜನವರಿ 9ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಗಂಭೀರ ಅಪರಾಧವೆಂದೇ ಪರಿಗಣಿಸಬೇಕೆಂದು ಹೇಳಿತು. 2021ರ ತಿದ್ದುಪಡಿ ಅದನ್ನೇ ಕಾಯ್ದೆಯೊಳಗೆ ತಂದಿತು, ಮತ್ತು ಆ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಲಾಗಿದೆ ಎಂಬುದನ್ನು ಮೊದಲು ನೋಡಿ. ಒಂದು ಕಲಂ ಹೆಚ್ಚಾದರೆ ಇಡೀ ದಾರಿ ಬದಲಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಮೇಲಿಂದ ಮೇಲೆ ಕಾಣುವ ಇನ್ನೊಂದು ಬಗೆಯ ಪ್ರಕರಣವನ್ನು ಇಲ್ಲಿಯೇ ಹೇಳಬೇಕು. ಹದಿನೇಳರ ಹುಡುಗ, ಹದಿನಾರರ ಹುಡುಗಿ, ಇಬ್ಬರೂ ಒಂದೇ ಕಾಲೇಜಿನವರು, ಒಂದು ದಿನ ಬಸ್ಸು ಹತ್ತಿ ಕೊಲ್ಲಾಪುರಕ್ಕೋ ಗೋವಾಕ್ಕೋ ಹೋಗಿಬಿಟ್ಟಿರುತ್ತಾರೆ. ಹುಡುಗಿಯ ಮನೆಯವರು ದೂರು ಕೊಡುತ್ತಾರೆ. ಹದಿನೆಂಟರ ಒಳಗಿನವರ ಒಪ್ಪಿಗೆಗೆ ಪೋಕ್ಸೋ ಕಾಯ್ದೆಯಲ್ಲಿ ಬೆಲೆಯಿಲ್ಲ. ದೈಹಿಕ ಸಂಬಂಧದ ಆರೋಪಕ್ಕೆ ಅಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹೀಗಾಗಿ ಆ ಹುಡುಗ ಕೊಲೆಯ ಆರೋಪಿ ನಿಲ್ಲುವ ಸಾಲಿನಲ್ಲಿಯೇ ನಿಲ್ಲುತ್ತಾನೆ, ಅವನ ವಿಷಯದಲ್ಲಿಯೂ ಮಂಡಳಿಯು ಕಲಂ 15ರ ಮೌಲ್ಯಮಾಪನ ಮಾಡಲೇಬೇಕಾಗುತ್ತದೆ. ಅಂಥ ಮಗುವನ್ನು ವಯಸ್ಕರ ವಿಚಾರಣೆಗೆ ಕಳುಹಿಸುವುದು ಕಾನೂನಿನ ಅಕ್ಷರಕ್ಕೆ ಹೊಂದಬಹುದು, ಅದರ ಉದ್ದೇಶಕ್ಕೆ ಹೊಂದುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. "ಕೃತ್ಯ ನಡೆದ ಸಂದರ್ಭ" ಎಂಬ ಮಾತನ್ನು ಕಾಯ್ದೆಯಲ್ಲಿ ಬರೆದಿರುವುದು ಇಂಥ ವ್ಯತ್ಯಾಸವನ್ನು ಗುರುತಿಸುವುದಕ್ಕಾಗಿಯೇ.

ಮಗ ಕಾರು ಓಡಿಸಿ ಅಪಘಾತವಾಗಿ ಒಬ್ಬರು ತೀರಿಕೊಂಡಿದ್ದಾರೆ. ಇದೂ ವರ್ಗಾವಣೆಯಾಗುತ್ತದೆಯೇ?

ನಿರ್ಲಕ್ಷ್ಯದಿಂದ ಸಾವು ಎಂಬ ಆರೋಪಕ್ಕೆ ಕನಿಷ್ಠ ಏಳು ವರ್ಷದ ಶಿಕ್ಷೆ ಇಲ್ಲ, ಹಾಗಾಗಿ ವರ್ಗಾವಣೆಯ ಪ್ರಶ್ನೆ ಏಳುವುದಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಡೆದ, ಇಬ್ಬರು ಯುವ ಎಂಜಿನಿಯರುಗಳ ಜೀವ ತೆಗೆದ ಅಪಘಾತದ ನಂತರ ಆ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂದು ಪೊಲೀಸರು ಕೇಳಿದ್ದರು. ಅಲ್ಲಿಯ ಮಂಡಳಿ 2025ರ ಜುಲೈನಲ್ಲಿ ಆ ಕೋರಿಕೆಯನ್ನು ತಿರಸ್ಕರಿಸಿತು. ಆದರೆ ಪಾಲಕರು ಪಾರಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ವಾಹನ ಕೊಟ್ಟ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ, ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಇಂಥ ಕಾನೂನು ಯಾಕೆ ಬಂತು? ಮೊದಲು ಹೀಗಿರಲಿಲ್ಲವಲ್ಲ?

ಇರಲಿಲ್ಲ. 1986ರ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂಬ ಮಿತಿ ಇತ್ತು. 1992ರಲ್ಲಿ ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು, 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಉಳಿದಿತ್ತು. ಅವನಿಗೆ ಮೂರು ವರ್ಷದ ಗೃಹವಾಸವಷ್ಟೇ ಸಾಧ್ಯವೆಂದು ತಿಳಿದಾಗ ದೇಶದ ಸಿಟ್ಟು ಉಕ್ಕಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವಯಸ್ಸಿನ ಮಿತಿಯನ್ನು ಇಳಿಸಬಾರದೆಂದೇ ಹೇಳಿತ್ತು. ಆದರೆ ಆ ಹುಡುಗ ಬಿಡುಗಡೆಯಾದ ಎರಡೇ ದಿನಕ್ಕೆ, 2015ರ ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. ಮಿತಿಯನ್ನು ಇಳಿಸದೆ, ಹದಿನಾರರಿಂದ ಹದಿನೆಂಟರವರಿಗೆ ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟ ನಡುದಾರಿ ಅದು.

ನಮ್ಮ ಭಾಗಕ್ಕೆ ಈ ವಿಚಾರ ಹೊಸದಲ್ಲ. ಈ ಮೂರೂ ಜಿಲ್ಲೆಗಳ ಹೆಚ್ಚಿನ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿಯೇ, ತಪ್ಪು ಮಾಡಿದ ಹರೆಯದವರನ್ನು ಜೈಲಿಗೆ ಹಾಕದೆ ಕಸುಬು ಕಲಿಸಬೇಕೆಂದು ಧಾರವಾಡದಲ್ಲಿ ಬೋರ್ಸ್ಟಲ್ ಶಾಲೆ ನಡೆಯುತ್ತಿತ್ತು.

ವಯಸ್ಸನ್ನು ಹೇಗೆ ನಿರ್ಧರಿಸುತ್ತಾರೆ? ಆಧಾರ್ ಕಾರ್ಡ್ ಸಾಕಲ್ಲವೇ?

ಸಾಲದು. ಕಲಂ 94ರಲ್ಲಿ ಆಧಾರ್‌ನ ಹೆಸರೇ ಇಲ್ಲ. ಮೊದಲ ಸ್ಥಾನ ಶಾಲೆಯು ಕೊಡುವ ಜನ್ಮ ದಿನಾಂಕದ ಪ್ರಮಾಣಪತ್ರಕ್ಕೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರಕ್ಕೆ. ಅವು ಇಲ್ಲದಿದ್ದರೆ ಮಾತ್ರ ಮಹಾನಗರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಅದೂ ಇಲ್ಲದಾಗ ಮಾತ್ರ ಎಲುಬಿನ ಎಕ್ಸ್‌ರೇ ಆಧರಿಸಿದ ವೈದ್ಯಕೀಯ ಪರೀಕ್ಷೆ, ಅದನ್ನು ಆದೇಶದ ಹದಿನೈದು ದಿನಗಳೊಳಗೆ ಮುಗಿಸಬೇಕು. ಎಲುಬಿನ ಪರೀಕ್ಷೆ ಒಂದೆರಡು ವರ್ಷ ಆಚೀಚೆ ಹೇಳಬಲ್ಲದಷ್ಟೇ, ಆ ಒಂದೆರಡು ವರ್ಷವೇ ಇಲ್ಲಿ ಎಲ್ಲವೂ. ಇನ್ನೊಂದು ಎಚ್ಚರಿಕೆ: ಶಾಲೆ ಬಿಟ್ಟ ದಾಖಲೆಯನ್ನು, ಅಂದರೆ ನಮ್ಮ ಕಡೆ ಎಲ್.ಸಿ. ಎನ್ನುವ ಕಾಗದವನ್ನು, ಮಾತ್ರ ತಂದರೆ ಸಾಲದು. ವರ್ಗಾವಣೆ ಪತ್ರ ಅಥವಾ ದಾಖಲಾತಿ ರಿಜಿಸ್ಟರಿನ ಉದ್ಧೃತ ಭಾಗ ಈ ಕಲಂ ಹೇಳುವ ಪ್ರಮಾಣಪತ್ರವಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜುಲೈ 18ರ ತೀರ್ಪೊಂದರಲ್ಲಿ ಹೇಳಿದೆ.

ಈಗ ನಮ್ಮ ಹಳ್ಳಿಗಳ ಸಂಗತಿಗೆ ಬರೋಣ. ಯಾವುದೇ ಕನ್ನಡ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರನ್ನು ತೆರೆದು ನೋಡಿ. ಒಂದೇ ಪುಟದಲ್ಲಿ ಮೇಲಿಂದ ಕೆಳಕ್ಕೆ "1-6" ಎಂಬ ಹುಟ್ಟಿದ ದಿನ ಸಾಲುಸಾಲಾಗಿ ಕಾಣುತ್ತದೆ, ಒಂದೇ ಪೆನ್ನು, ಒಂದೇ ಕೈಬರಹ. ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲೆಂದು ಜೂನ್ ಒಂದನ್ನೇ ಬರೆದುಕೊಳ್ಳುವ ರೂಢಿ ಅದು. ನಾನು ನೋಡಿದ ಒಂದು ಪ್ರಕರಣದಲ್ಲಿ ರಿಜಿಸ್ಟರ್ ಪ್ರಕಾರ ಹುಡುಗ ಹುಟ್ಟಿದ್ದು 2008ರ ಜೂನ್ 1ರಂದು. ಕೃತ್ಯ ನಡೆದದ್ದು 2024ರ ಆಗಸ್ಟಿನಲ್ಲಿ. ಅಂದರೆ ಹದಿನಾರು ದಾಟಿ ಎರಡು ತಿಂಗಳು. ತಾಯಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಸಾಹೇಬ್ರ, ಸಾಲಿಗೆ ಹಾಕುಮುಂದ ಮಾಸ್ತರರ ಬರಕೊಂಡಾರ್ರಿ. ಇಂವ ಹುಟ್ಟಿದ್ದು ದೀಪಾವಳಿ ಆದಮ್ಯಾಲ." ಅವಳ ಮಾತು ನಿಜವಿದ್ದರೆ ಹುಡುಗನಿಗೆ ಆ ದಿನ ಹದಿನಾರು ತುಂಬಿಯೇ ಇರಲಿಲ್ಲ, ವರ್ಗಾವಣೆಯ ಮಾತೇ ಬರುತ್ತಿರಲಿಲ್ಲ. ಆದರೆ ಬಾಯಿಮಾತಿನಿಂದ ಶಾಲೆಯ ಕಾಗದವನ್ನು ಅಲುಗಾಡಿಸುವುದು ಬಹಳ ಕಷ್ಟ. ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮನೆಯ ಟ್ರಂಕಿನ ತಳದಲ್ಲಿ, ಹಳೆಯ ಪಡಿತರ ಚೀಟಿಯೊಳಗೆ ಮಡಚಿಟ್ಟಿತ್ತು. ಅದು ಹೊರಬಂದದ್ದು ವಯಸ್ಸಿನ ಆದೇಶವಾಗಿ ನಾಲ್ಕು ತಿಂಗಳಾದ ಮೇಲೆ.

ತಡವಾದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ತಾನು ಕೃತ್ಯದ ದಿನ ಬಾಲಕನಾಗಿದ್ದೆ ಎಂಬ ವಾದವನ್ನು ಯಾವ ಹಂತದಲ್ಲಿಯಾದರೂ, ಅಂತಿಮ ತೀರ್ಪಿನ ನಂತರವೂ, ಎತ್ತಬಹುದೆಂದು ಕಲಂ 9 ಹೇಳುತ್ತದೆ. ಆದರೂ ಮೊದಲ ಹಾಜರಿಯಲ್ಲಿಯೇ ಇಟ್ಟ ಕಾಗದಕ್ಕೆ ಇರುವ ಬಲ ನಂತರ ತಂದ ಕಾಗದಕ್ಕೆ ಇರುವುದಿಲ್ಲ.

ಪೊಲೀಸರು ಮಗುವನ್ನು ಕರೆದೊಯ್ದರೆ ಮೊದಲ ದಿನ ಏನಾಗಬೇಕು?

ಮಗುವನ್ನು ವಿಶೇಷ ಮಕ್ಕಳ ಪೊಲೀಸ್ ಘಟಕದ ಅಥವಾ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಸುಪರ್ದಿಗೆ ಕೊಡಬೇಕು, ಪ್ರಯಾಣದ ಸಮಯವನ್ನು ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳುಹಿಸುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಆರೋಪ ಕೊಲೆಯದ್ದಾದರೂ ಇದರಲ್ಲಿ ವ್ಯತ್ಯಾಸವಿಲ್ಲ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವನ್ನು ಠಾಣೆಯಲ್ಲಿ ರಾತ್ರಿಯಿಡೀ ಕೂರಿಸಿದ್ದರೆ ಅದನ್ನು ಮಂಡಳಿಯ ಮುಂದೆ ಅದೇ ದಿನ ಹೇಳಿ ದಾಖಲಿಸಿ.

ಘೋರ ಅಪರಾಧವಾದರೆ ಜಾಮೀನು ಸಿಗುವುದಿಲ್ಲವೇ?

ಸಿಗಬಹುದು. ಕಲಂ 12 ಜಾಮೀನನ್ನೇ ನಿಯಮವೆಂದು ಹೇಳುತ್ತದೆ. ಬಿಟ್ಟರೆ ಮಗು ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಅದರ ದೇಹಕ್ಕೋ ಮನಸ್ಸಿಗೋ ನಡತೆಗೋ ಅಪಾಯವಿದೆ, ಇಲ್ಲವೇ ನ್ಯಾಯದ ಉದ್ದೇಶ ಕೆಡುತ್ತದೆ ಎಂದು ನಂಬಲು ಕಾರಣವಿದ್ದಾಗ ಮಾತ್ರ ನಿರಾಕರಿಸಬಹುದು. ಮಗುವನ್ನು ಬೇರೆ ಊರಿನ ಸೋದರಮಾವನ ಮನೆಯಲ್ಲಿ ಇಟ್ಟುಕೊಳ್ಳುವುದಾಗಿ ಆತನೇ ಬಂದು ಹೇಳಿದರೆ ಅದಕ್ಕೆ ತೂಕವಿರುತ್ತದೆ.

ಪ್ರಾಥಮಿಕ ಮೌಲ್ಯಮಾಪನದಲ್ಲಿ ಏನನ್ನು ನೋಡುತ್ತಾರೆ? ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಅಲ್ಲಿಯೇ ತೀರ್ಮಾನಿಸುತ್ತಾರೆಯೇ?

ಇಲ್ಲ, ಮತ್ತು ಈ ಒಂದು ಸಂಗತಿಯನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಕಲಂ 15ರ ವಿವರಣೆಯಲ್ಲಿಯೇ ಇದು ವಿಚಾರಣೆಯಲ್ಲ ಎಂದು ಬರೆದಿದೆ. ಮಂಡಳಿಯು ನೋಡಬೇಕಾದವು ಇವು: ಅಂಥ ಕೃತ್ಯವನ್ನು ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಮಗುವಿಗೆ ಇತ್ತೇ, ಅದರ ಪರಿಣಾಮಗಳನ್ನು ಅರಿಯುವ ಶಕ್ತಿ ಇತ್ತೇ, ಮತ್ತು ಯಾವ ಸಂದರ್ಭದಲ್ಲಿ ಅದು ನಡೆಯಿತೆಂದು ಹೇಳಲಾಗಿದೆ. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ಮೂರು ತಿಂಗಳಲ್ಲಿ ಇದನ್ನು ಮುಗಿಸಬೇಕು. ಆದರೆ ಮೂರು ತಿಂಗಳು ದಾಟಿತೆಂಬ ಒಂದೇ ಕಾರಣಕ್ಕೆ ಪ್ರಕ್ರಿಯೆ ಬಿದ್ದುಹೋಗುವುದಿಲ್ಲ ಎಂದು 2024ರ ಮೇ 7ರಂದು, ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಾಯೋಗಿಕವಾಗಿ ಎಡವುವುದು ಎಲ್ಲಿ ಎಂದರೆ, ಕೃತ್ಯವನ್ನು ಮಗು ಮಾಡಿದೆ ಎಂದು ಮೊದಲೇ ಒಪ್ಪಿಕೊಂಡು ಪ್ರಶ್ನೆ ಕೇಳುವಲ್ಲಿ. "ಕೊಂದರೆ ಏನಾಗುತ್ತದೆ ಎಂದು ಗೊತ್ತಿತ್ತಾ?" ಎಂದು ಕೇಳಿದರೆ ಹದಿನೇಳರ ಹುಡುಗ ತಲೆಯಾಡಿಸುತ್ತಾನೆ. ಎಂಟು ವರ್ಷದ ಮಗುವೂ ತಲೆಯಾಡಿಸೀತು. ಜೈಲು ಎಂಬುದೊಂದಿದೆ ಎಂದು ತಿಳಿದಿರುವುದು ಬೇರೆ, ಸಿಟ್ಟಿನ ಅಥವಾ ಗೆಳೆಯರ ಒತ್ತಡದ ಆ ಗಳಿಗೆಯಲ್ಲಿ ಮುಂದಿನದನ್ನು ತೂಗಿ ನೋಡಿ ಕೈ ತಡೆಯುವ ಶಕ್ತಿ ಬೇರೆ. ಆ ಎರಡನೆಯದನ್ನು ಅಳೆಯುವುದು ಹತ್ತು ನಿಮಿಷದ ಸಂದರ್ಶನದಿಂದ ಆಗುವ ಕೆಲಸವಲ್ಲ.

2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಖಾಸಗಿ ಶಾಲೆಯಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಪೊಲೀಸರು ಮೊದಲು ಹಿಡಿದದ್ದು ಶಾಲಾ ಬಸ್ಸಿನ ಕಂಡಕ್ಟರನನ್ನು, ಆತ ತಪ್ಪೊಪ್ಪಿಕೊಂಡಿದ್ದಾನೆಂದೂ ಹೇಳಿದ್ದರು. ನಂತರ ಸಿಬಿಐ ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. ಆ ಹುಡುಗನ ಮೌಲ್ಯಮಾಪನವನ್ನು ಹೈಕೋರ್ಟು ರದ್ದುಪಡಿಸಿ ಹೊಸದಾಗಿ ಮಾಡಲು ಹೇಳಿತು. 2022ರ ಜುಲೈ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುತ್ತ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರದಲ್ಲಿ ಅಥವಾ ಮನೋವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಸದಸ್ಯರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದಿತು. ಕಾಯ್ದೆಯಲ್ಲಿ "ಪಡೆಯಬಹುದು" ಎಂದಷ್ಟೇ ಇದ್ದ ಮಾತು ಹೀಗೆ ಗಟ್ಟಿಯಾಯಿತು. ನಮ್ಮ ಭಾಗದಲ್ಲಿ ಇಂಥ ತಜ್ಞತೆಗೆ ಹತ್ತಿರವಿರುವ ದೊಡ್ಡ ಸಂಸ್ಥೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್. ಬೆಳಗಾವಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಅಲ್ಲಿಗೆ ಕಳುಹಿಸಿ ಎಂದು ಲಿಖಿತವಾಗಿ ಕೇಳಲು ವಕೀಲರು ಹಿಂಜರಿಯಬಾರದು.

ಮಗುವಿಗೆ ಕನ್ನಡ ಚೆನ್ನಾಗಿ ಬರುವುದಿಲ್ಲ. ಅದರಿಂದ ತೊಂದರೆಯಾಗುತ್ತದೆಯೇ?

ಆಗುತ್ತದೆ, ಮತ್ತು ಈ ವಿಷಯವನ್ನು ಹೊರಗಿನವರು ಗಮನಿಸುವುದೇ ಇಲ್ಲ. ಖಾನಾಪುರ, ನಿಪ್ಪಾಣಿ ಕಡೆಯ ಮಗು ಮರಾಠಿಯಲ್ಲಿ ಯೋಚಿಸುತ್ತದೆ, ವಿಜಯಪುರದ ಓಣಿಯ ಮಗು ಉರ್ದುವಿನಲ್ಲಿ, ತಾಂಡಾದ ಮಗು ಲಂಬಾಣಿಯಲ್ಲಿ. ಕನ್ನಡ ಮನೆಮಾತಾಗಿರುವ ಮಗುವಿಗೂ ಬೆಂಗಳೂರಿನ ಕಡೆಯ ಪುಸ್ತಕದ ಕನ್ನಡ ತಡೆತಡೆದೇ ಅರ್ಥವಾಗುತ್ತದೆ. "ಪರಿಣಾಮಗಳ ಅರಿವು" ಎಂಬ ಮಾತೇ ತಿಳಿಯದ ಮಗು ಭಯಕ್ಕೆ "ಹೂಂರೀ" ಎಂದುಬಿಟ್ಟರೆ ಅದು ವರದಿಯಲ್ಲಿ ಅರಿವಾಗಿ ದಾಖಲಾಗುತ್ತದೆ. ದುಭಾಷಿಯನ್ನು ಕೇಳಿ. ಕೇಳಿದ ಪ್ರಶ್ನೆಯನ್ನೂ ಮಗು ಕೊಟ್ಟ ಉತ್ತರವನ್ನೂ ಮಗುವಿನ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ಕೋರಿ.

ಸಾಮಾಜಿಕ ತನಿಖಾ ವರದಿ ಎಂದರೇನು? ಅದರಲ್ಲಿ ನಮ್ಮ ಪಾತ್ರವೇನು?

ಪರಿವೀಕ್ಷಣಾಧಿಕಾರಿಯು ಮನೆಗೆ, ಶಾಲೆಗೆ, ಓಣಿಗೆ ಬಂದು ಮಗುವಿನ ಬಾಳನ್ನು ತಿಳಿದು ಬರೆಯುವ ವರದಿ ಅದು. ತಂದೆಯ ಕುಡಿತ, ಶಾಲೆ ಬಿಟ್ಟ ಕಾರಣ, ಕೆಲಸಕ್ಕೆ ಹಚ್ಚಿದವರು, ಹಿಂದಿನ ತಲೆಗಾಯ, ಮೂರ್ಛೆ ರೋಗ, ಊರಲ್ಲಿ ಅನುಭವಿಸಿದ ಅವಮಾನ, ಇವೆಲ್ಲ ಮಂಡಳಿಗೆ ತಲುಪಬೇಕಾದದ್ದು ಈ ವರದಿಯ ಮೂಲಕ. ಒಂದು ಪ್ರಕರಣದಲ್ಲಿ ಅಧಿಕಾರಿ ವಿಜಯಪುರ ಜಿಲ್ಲೆಯ ತಾಂಡಾಕ್ಕೆ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಕಬ್ಬಿನ ಹಂಗಾಮು, ಇಡೀ ಕುಟುಂಬ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿತ್ತು. ಪಕ್ಕದ ಮನೆಯ ಇಬ್ಬರು ಹೇಳಿದ್ದನ್ನು ಬರೆದು ವರದಿ ಮುಗಿಸಲಾಯಿತು. ಆ ಪಕ್ಕದ ಮನೆಯವರಿಗೂ ಈ ಕುಟುಂಬಕ್ಕೂ ಹೊಲದ ಬದುವಿನ ಜಗಳವಿತ್ತು ಎಂಬುದು ಯಾರಿಗೂ ತಿಳಿಯಲಿಲ್ಲ. ಆದ್ದರಿಂದ ದುಡಿಯಲು ಹೋಗುವುದು ಅನಿವಾರ್ಯವಾದರೂ ಅಜ್ಜಿಯನ್ನೋ ಚಿಕ್ಕಪ್ಪನನ್ನೋ ಮನೆಯಲ್ಲಿ ಉಳಿಸಿ ಹೋಗಿ. ಮಗುವಿಗೆ ಕಲಿಸಿದ ಮಾಸ್ತರರ ಹೆಸರನ್ನು ಅಧಿಕಾರಿಗೆ ನೀವೇ ಕೊಡಿ. ವರದಿಯನ್ನು ಮೌಲ್ಯಮಾಪನಕ್ಕೆ ಮೊದಲೇ ಓದಲು ವಕೀಲರ ಮೂಲಕ ಕೇಳಿ.

ಮಂಡಳಿ ವರ್ಗಾಯಿಸಿದರೆ ಅದೇ ಕೊನೆಯೇ?

ಅಲ್ಲ. ಆದೇಶದ ದಿನದಿಂದ ಮೂವತ್ತು ದಿನಗಳೊಳಗೆ ಕಲಂ 101ರ ಅಡಿ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಂಡಳಿಗೆ ನೆರವಾದ ತಜ್ಞರನ್ನು ಬಿಟ್ಟು ಬೇರೆ ತಜ್ಞರ ಸಹಾಯ ಪಡೆಯಲು ಅಲ್ಲಿ ಅವಕಾಶವಿದೆ. ಅಲ್ಲಿಯೂ ಆಗದಿದ್ದರೆ ಹೈಕೋರ್ಟಿನ ಮುಂದೆ ಪುನರ್‌ಪರಿಶೀಲನೆ ಕೇಳಬಹುದು. ಬೆಳಗಾವಿ ಮತ್ತು ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು.

ಮಕ್ಕಳ ನ್ಯಾಯಾಲಯದಲ್ಲಿ ನೇರವಾಗಿ ವಿಚಾರಣೆ ಶುರುವಾಗುತ್ತದೆಯೇ?

ಆಗಬಾರದು. ಕಲಂ 19ರ ಪ್ರಕಾರ ವಯಸ್ಕನಂತೆ ವಿಚಾರಿಸುವ ಅಗತ್ಯ ನಿಜವಾಗಿಯೂ ಇದೆಯೇ ಎಂಬುದನ್ನು ಮಕ್ಕಳ ನ್ಯಾಯಾಲಯವು ಸ್ವತಃ ಮತ್ತೊಮ್ಮೆ ಪರಿಶೀಲಿಸಿ ಆದೇಶ ಬರೆಯಬೇಕು. ಇದು ಕೇವಲ ಐಚ್ಛಿಕವಲ್ಲ, ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಅಗತ್ಯವಿಲ್ಲವೆಂದು ಕಂಡರೆ ಆ ನ್ಯಾಯಾಲಯವೇ ಮಂಡಳಿಯಂತೆ ವಿಚಾರಣೆ ನಡೆಸಿ ಮಂಡಳಿ ನೀಡಬಹುದಾದ ಆದೇಶಗಳನ್ನಷ್ಟೇ ನೀಡುತ್ತದೆ. ಈ ಎರಡನೆಯ ಜರಡಿ ಅನೇಕ ಸಲ ಒಂದೇ ಸಾಲಿನ ಆದೇಶದಲ್ಲಿ ಮುಗಿದುಹೋಗುವುದನ್ನು ನಾನು ಕಂಡಿದ್ದೇನೆ. ವಕೀಲರು ಅದನ್ನು ಹಾಗೆ ಬಿಡಬಾರದು.

ತಪ್ಪು ಸಾಬೀತಾದರೆ ಹಿಂಡಲಗಾ ಜೈಲಿಗೆ ಹಾಕುತ್ತಾರೆಯೇ? ಗಲ್ಲು ಆಗಬಹುದೇ?

ಗಲ್ಲು ಇಲ್ಲ. ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಶಿಕ್ಷೆಯೂ ಇಲ್ಲ. ಕಲಂ 21 ಎರಡನ್ನೂ ನಿಷೇಧಿಸಿದೆ. ಉಳಿದಂತೆ ಆ ಅಪರಾಧಕ್ಕೆ ಕಾನೂನು ಹೇಳುವ ಶಿಕ್ಷೆಯನ್ನು, ಹತ್ತು ವರ್ಷವನ್ನೋ ಜೀವಾವಧಿಯನ್ನೋ, ವಿಧಿಸಬಹುದು. ಇಪ್ಪತ್ತೊಂದು ವರ್ಷ ತುಂಬುವವರೆಗೆ ಅವನನ್ನು ಜೈಲಿಗೆ ಕಳುಹಿಸುವಂತಿಲ್ಲ. "ಸುರಕ್ಷಿತ ಸ್ಥಳ" ಎಂಬ ಪ್ರತ್ಯೇಕ ಸಂಸ್ಥೆಯಲ್ಲಿ ಇರಿಸಿ ಓದು, ಕಸುಬು, ಆಪ್ತಸಮಾಲೋಚನೆ ಒದಗಿಸಬೇಕು, ವರ್ಷಕ್ಕೊಮ್ಮೆ ಅವನ ಪ್ರಗತಿಯ ವರದಿ ನ್ಯಾಯಾಲಯಕ್ಕೆ ಹೋಗಬೇಕು. ಇಪ್ಪತ್ತೊಂದು ತುಂಬಿದಾಗಲೂ ಶಿಕ್ಷೆ ಬಾಕಿಯಿದ್ದರೆ ನ್ಯಾಯಾಲಯವು ಅವನಲ್ಲಿ ಸುಧಾರಣೆಯಾಗಿದೆಯೇ, ಸಮಾಜಕ್ಕೆ ಉಪಯುಕ್ತನಾಗಬಲ್ಲನೇ ಎಂದು ಪರೀಕ್ಷಿಸಿ, ಷರತ್ತುಗಳ ಮೇಲೆ ಬಿಡಬಹುದು ಅಥವಾ ಉಳಿದ ಅವಧಿಗೆ ಜೈಲಿಗೆ ಕಳುಹಿಸಬಹುದು. ಆ ದಿನ ನ್ಯಾಯಾಧೀಶರ ಮುಂದಿರುವುದು ಮತ್ತೆ ಕಾಗದಗಳೇ. ಒಳಗಿದ್ದಾಗ ಎಸ್ಸೆಸ್ಸೆಲ್ಸಿ ಪಾಸಾದ ಅಂಕಪಟ್ಟಿ, ಹೊಲಿಗೆ ಅಥವಾ ಬಡಗಿ ಕೆಲಸ ಕಲಿತ ಪ್ರಮಾಣಪತ್ರ, ತಿಂಗಳು ತಿಂಗಳು ಭೇಟಿಗೆ ಬಂದ ಅವ್ವನ ಹೆಸರಿರುವ ಭೇಟಿ ಪುಸ್ತಕ.

ದೊಡ್ಡವರೇ ಅವನನ್ನು ಕರೆದುಕೊಂಡು ಹೋಗಿ ಮಾಡಿಸಿದ್ದಾರೆ. ಎಲ್ಲರಿಗೂ ಒಂದೇ ಕೇಸು ನಡೆಯುತ್ತದೆಯೇ?

ನಡೆಯುವುದಿಲ್ಲ, ಮಗುವಿನ ಪ್ರಕರಣ ಪ್ರತ್ಯೇಕವಾಗಬೇಕು. ಮಗುವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದ ವಯಸ್ಕರಿಗೆ ಕಲಂ 83ರ ಅಡಿ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ಆ ಕಲಂ ಹಾಕಿಲ್ಲವಾದರೆ ಯಾಕೆ ಹಾಕಿಲ್ಲ ಎಂದು ಕೇಳಿ.

ನಾವು ಮಗಳನ್ನು ಕಳೆದುಕೊಂಡವರು. ಮಾಡಿದವನ ವಯಸ್ಸನ್ನು ಎಲ್ಲರೂ ಕೇಳುತ್ತಾರೆ, ಸತ್ತವಳ ವಯಸ್ಸನ್ನು ಯಾರು ಕೇಳುತ್ತಾರೆ?

ಈ ಪ್ರಶ್ನೆಯನ್ನು ಒಬ್ಬ ತಂದೆ ನನ್ನನ್ನು ನೇರವಾಗಿ ಕೇಳಿದ್ದಾರೆ. ಅವರ ಮುಂದೆ ನಿಂತು ಕಲಂಗಳನ್ನು ಓದುವುದು ನನ್ನಿಂದಾಗಲಿಲ್ಲ. ಅವರ ನೋವಿಗೆ ಈ ಕಾಯ್ದೆಯಲ್ಲಿ ಸಾಕಷ್ಟು ಜಾಗವಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಅವರಿಗೆ ಕೆಲವು ಹಕ್ಕುಗಳಿವೆ. ಮಂಡಳಿಯ ಮೌಲ್ಯಮಾಪನದಿಂದ ಬಾಧಿತರಾದವರು ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು. ಗುರುಗ್ರಾಮದ ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ಮಡಿದ ಬಾಲಕನ ತಂದೆಯೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂತ್ರಸ್ತರ ಪರಿಹಾರಕ್ಕೆ ಅರ್ಜಿ ಹಾಕಬಹುದು, ಆರೋಪಿಯ ವಯಸ್ಸು ಅದಕ್ಕೆ ಅಡ್ಡಿಯಲ್ಲ. ಇಷ್ಟನ್ನು ಹೇಳಿದ ಮೇಲೂ ನಾನು ವಯಸ್ಕರ ವಿಚಾರಣೆಯನ್ನು ವಿರಳವಾಗಿ ಬಳಸಬೇಕೆಂದೇ ವಾದಿಸುತ್ತೇನೆ. ಹದಿನೇಳರ ಹುಡುಗ ಮೂವತ್ತೈದರಲ್ಲಿ ಹೊರಬಂದು ಇದೇ ಊರಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಾನೆ. ಅವನು ಹೇಗೆ ಹೊರಬರುತ್ತಾನೆ ಎಂಬುದು ಆ ತಂದೆಯ ಇನ್ನೊಬ್ಬ ಮಗಳಿಗೂ ಸಂಬಂಧಿಸಿದ ವಿಷಯ.

ಇದು ಮುಂದೆ ನೌಕರಿಗೆ ಅಡ್ಡ ಬರುತ್ತದೆಯೇ?

ಮಂಡಳಿಯಲ್ಲಿಯೇ ಮುಗಿದ ಪ್ರಕರಣವಾದರೆ ಬರಬಾರದು. ಕಲಂ 24ರ ಪ್ರಕಾರ ಅಂಥ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಆದರೆ ಹದಿನಾರು ದಾಟಿ, ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ಈ ರಕ್ಷಣೆ ಇಲ್ಲ, ಅವನ ದಾಖಲೆಗಳನ್ನು ನ್ಯಾಯಾಲಯ ಉಳಿಸಿಕೊಳ್ಳುತ್ತದೆ. ಮರಾಠಾ ರೆಜಿಮೆಂಟಿನ ಕೇಂದ್ರವಿರುವ ಬೆಳಗಾವಿಯಲ್ಲಿ ನಸುಕಿನ ಐದಕ್ಕೆ ಎದ್ದು ಸೈನ್ಯದ ಭರತಿಗಾಗಿ ಓಡುವ ಹುಡುಗರ ಗುಂಪು ದಿನವೂ ಕಾಣುತ್ತದೆ. ವರ್ಗಾವಣೆಯ ಆ ಒಂದು ಆದೇಶ ಇಂಥ ಕನಸಿನ ಮೇಲೂ ಬೀಳುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಹುಡುಗನ ಫೋಟೋ ಹರಿದಾಡುತ್ತಿದೆ. ಏನು ಮಾಡಬೇಕು?

ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ ಯಾವುದನ್ನೂ ಪ್ರಕಟಿಸುವಂತಿಲ್ಲ. ಕಲಂ 74ರ ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರಕರಣ ವಯಸ್ಕರ ವಿಚಾರಣೆಗೆ ಹೋದರೂ ಈ ನಿಷೇಧ ಸಡಿಲವಾಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ದೂರು ಕೊಡಿ, ಮಂಡಳಿಯ ಗಮನಕ್ಕೂ ತನ್ನಿ.

ಮೊದಲ ದಿನ ಬರುವಾಗ ಏನು ತರಬೇಕು? ವಕೀಲರಿಗೆ ಕೊಡಲು ಹಣವಿಲ್ಲ.

ಹಣ ಬೇಕಾಗಿಲ್ಲ. ಮಕ್ಕಳಿಗೆ, ಕುಟುಂಬದ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಊರು ಬಿಡುವ ಮೊದಲು ಶಾಲೆಗೆ ಹೋಗಿ ಮುಖ್ಯಾಧ್ಯಾಪಕರ ಸಹಿ ಮತ್ತು ಮುದ್ರೆ ಇರುವ ಜನ್ಮ ದಿನಾಂಕದ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ, ಎಲ್.ಸಿ. ಕೊಟ್ಟು ಕಳುಹಿಸಿದರೆ ಅದನ್ನೂ ಇಟ್ಟುಕೊಂಡು ಪ್ರಮಾಣಪತ್ರವನ್ನು ಮತ್ತೆ ಕೇಳಿ. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಚೀಟಿ, ಅಂಗನವಾಡಿಯಲ್ಲಿ ಬರೆದುಕೊಟ್ಟ ಚುಚ್ಚುಮದ್ದಿನ ಕಾರ್ಡ್, ಮಗುವಿಗೆ ಯಾವುದಾದರೂ ಔಷಧ ನಡೆದಿದ್ದರೆ ವೈದ್ಯರ ಚೀಟಿ, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬನ್ನಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಟ್ರಂಕಿನ ತಳವನ್ನೂ ಒಮ್ಮೆ ನೋಡಿ ಬನ್ನಿ.